ಮಾಡಿದವರು, ಮಾಡಿಸಿದವರು, ಒಪ್ಪಿದವರು: ರೋಮ್‌ನಿಂದ ಬಲಂ ಸೀಮೆಯವರೆಗೆ ಅರಸರ ಕ್ರೌರ್ಯ

ರೋಮ್ ನಗರ ಹೊತ್ತಿ ಉರಿಯುತ್ತಿದ್ದಾಗ ಪಿಟೀಲು ಬಾರಿಸುತ್ತಿದ್ದ ಅರಸನೆಂದು ನೀರೋನ ಹೆಸರು ಕನ್ನಡದಲ್ಲಿ ಗಾದೆಯಷ್ಟೇ ಪರಿಚಿತ. ಪಿಟೀಲು ರೂಪುಗೊಂಡದ್ದು ಹದಿನಾರನೆಯ ಶತಮಾನದಲ್ಲಿ. ನೀರೋ ಸತ್ತದ್ದು ಕ್ರಿ.ಶ. 68ರಲ್ಲಿ. ನಗರಕ್ಕೆ ಬೆಂಕಿ ಬಿದ್ದ 64ರ ಜುಲೈನಲ್ಲಿ ಅವನು ಆಂಟಿಯಂ ಎಂಬ ಕಡಲತಡಿಯ ಊರಿನಲ್ಲಿದ್ದ. ಮರಳಿ ಬಂದು ಮನೆ ಕಳೆದುಕೊಂಡವರಿಗಾಗಿ ತನ್ನ ಉದ್ಯಾನಗಳನ್ನು ತೆರೆಸಿದ. ಹೀಗೆ ಬರೆದವನು ನೀರೋನ ಹೊಗಳುಭಟ್ಟನಲ್ಲ, ಅವನನ್ನು ನಿರ್ದಾಕ್ಷಿಣ್ಯವಾಗಿ ಖಂಡಿಸಿದ ಇತಿಹಾಸಕಾರ ಟ್ಯಾಸಿಟಸ್. ಉರಿಯನ್ನು ಕಂಡು ಅರಸನು ಟ್ರಾಯ್ ಪಟ್ಟಣದ ನಾಶವನ್ನು ಹಾಡಿದನೆಂಬ ಮಾತನ್ನು ಅವನು ಜನರಲ್ಲಿ ಹಬ್ಬಿದ ವದಂತಿಯೆಂದೇ ದಾಖಲಿಸುತ್ತಾನೆ.

ಇಷ್ಟರಿಂದ ನೀರೋ ನಿರ್ದೋಷಿಯಾಗುವುದಿಲ್ಲ. ಬೆಂಕಿಯ ಅಪವಾದವನ್ನು ಕ್ರೈಸ್ತರ ಮೇಲೆ ಹೊರಿಸಿ, ಅವರನ್ನು ಇರುಳಿನ ದೀಪಗಳಂತೆ ಉರಿಸಿದ್ದು ಅರಸನ ಉದ್ಯಾನದಲ್ಲಿಯೇ ಎಂಬುದನ್ನೂ ಅದೇ ಟ್ಯಾಸಿಟಸ್ ಹೇಳುತ್ತಾನೆ. ಆದರೆ ಜನಮನದಲ್ಲಿ ಉಳಿದದ್ದು ಈ ದೀಪಗಳಲ್ಲ, ಇಲ್ಲದ ಪಿಟೀಲು. ಏಕೆ? ಪಿಟೀಲಿನ ಕಥೆಯಲ್ಲಿ ಇರುವವನು ಒಬ್ಬನೇ. ಕಂಬಗಳನ್ನು ನೆಟ್ಟವರು, ಜನರನ್ನು ಹಿಡಿದು ತಂದವರು, ಕೊಳ್ಳಿ ಇಟ್ಟವರು, ನೋಡಲು ಬಂದವರು ಆ ಕಥೆಯಲ್ಲಿ ಬೇಕಾಗುವುದಿಲ್ಲ. ಒಬ್ಬ ಹುಚ್ಚ ಅರಸನನ್ನು ಕಲ್ಪಿಸಿಕೊಂಡರೆ ಒಂದು ಇಡೀ ನಗರದ ಲೆಕ್ಕ ಚುಕ್ತಾ ಆಗುತ್ತದೆ. ಕ್ರೂರ ಅರಸರ ಚರಿತ್ರೆಗಳಲ್ಲಿ ಪದೇ ಪದೇ ಕಾಣುವ ಈ ಸೌಕರ್ಯವನ್ನು ಜೈನ ಕರ್ಮಸಿದ್ಧಾಂತ ಒಪ್ಪುವುದಿಲ್ಲ. ಅದು ಒಪ್ಪದಿರುವ ಬಗೆಯನ್ನು ಗಮನಿಸಿದರೆ ರೋಮ್‌ನ ಚರಿತ್ರೆಯೂ, ಬೆಳಗೋಡು, ಐಗೂರು, ಉಚ್ಚಂಗಿಗಳ ಮಲೆಸೀಮೆಯಲ್ಲಿ 1802ರಲ್ಲಿ ನಡೆದ ಒಂದು ಗಲ್ಲಿನ ಚರಿತ್ರೆಯೂ ಬೇರೆಯಾಗಿ ತೋರುತ್ತವೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಕರ್ಮದ ಆಸ್ರವವನ್ನು ಕುರಿತದ್ದು. ಜೀವನು ಪಾಪಕ್ಕೆ ಆಧಾರವಾಗುವ ಬಗೆಗಳನ್ನು ಅಲ್ಲಿ ಎಣಿಸಲಾಗಿದೆ. ಸಂಕಲ್ಪ, ಸಾಧನಗಳ ಸಿದ್ಧತೆ, ಕಾರ್ಯದ ಆರಂಭ ಎಂದು ಮೂರು. ಮನಸ್ಸು, ಮಾತು, ಮೈ ಎಂದು ಮೂರು. ಕೃತ, ಕಾರಿತ, ಅನುಮತ ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂಬ ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಯನ್ನು ಈ ಲೆಕ್ಕಕ್ಕೆ ಹೊಂದಿಸಿ ಹೇಳುವ ಸಂಪ್ರದಾಯವೂ ಉಂಟು. ಈ ಗಣಿತದಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಹೆಚ್ಚು ಉಪಯುಕ್ತವಾದುದು ನಡುವಿನ ತ್ರಿಕ: ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಕತ್ತಿ ಹಿಡಿಯದ ಅರಸನು ಎರಡನೆಯದರಲ್ಲಿ ಸಿಕ್ಕುತ್ತಾನೆ. ಕತ್ತಿಯನ್ನೂ ಹಿಡಿಯದೆ ಆಜ್ಞೆಯನ್ನೂ ಕೊಡದೆ ಸಭೆಯಲ್ಲಿ ತಲೆಯಾಡಿಸಿದ ಸಭ್ಯನು ಮೂರನೆಯದರಲ್ಲಿ ಸಿಕ್ಕುತ್ತಾನೆ. ಈ ಮೂರನೆಯವನನ್ನು ಹುಡುಕುವುದು ಕಷ್ಟ. ಏಕೆಂದರೆ ಬಹುಮಟ್ಟಿಗೆ ಇತಿಹಾಸವನ್ನು ಬರೆಯುವವನು ಅವನೇ.

ರೋಮ್‌ನಲ್ಲಿ ಇದು ಅಕ್ಷರಶಃ ನಿಜ. ಟೈಬೀರಿಯಸ್, ಕ್ಯಾಲಿಗುಲ, ನೀರೋ, ಡೊಮಿಶಿಯನ್ ಮೊದಲಾದವರ ಕ್ರೌರ್ಯವನ್ನು ನಮಗೆ ತಿಳಿಸಿದವರು ಸೆನೆಟ್ ಸಭೆಯ ಸದಸ್ಯರು ಅಥವಾ ಆ ವರ್ಗದ ಆಶ್ರಯದಲ್ಲಿದ್ದವರು. ಅವರು ಬರೆದದ್ದು ಆಯಾ ಅರಸರು ಸತ್ತ ಬಳಿಕ. ಕ್ಯಾಲಿಗುಲ ಆಳಿದ್ದು 37ರಿಂದ 41ರವರೆಗೆ, ನಾಲ್ಕು ವರ್ಷ ಮಾತ್ರ. ಅವನ ಮೈಗಾವಲಿನ ಅಧಿಕಾರಿ ಕೇಶಿಯಸ್ ಕೆರಿಯ ಅವನನ್ನು ಅರಮನೆಯ ಓಣಿಯಲ್ಲಿ ಇರಿದು ಕೊಂದ. ಸೂಟೋನಿಯಸ್ ಅವನ ಚರಿತ್ರೆಯನ್ನು ಬರೆದಾಗ ಸುಮಾರು ಎಂಬತ್ತು ವರ್ಷ ಕಳೆದಿತ್ತು. ಅವನ ಬಗೆಗಿನ ಬಣ್ಣಬಣ್ಣದ ಕಥೆಗಳಿಗಿಂತ ಟೈಬೀರಿಯಸನ ಕಾಲದ ಬಣ್ಣವಿಲ್ಲದ ನ್ಯಾಯಾಲಯಗಳು ಈ ವಿಷಯಕ್ಕೆ ಹೆಚ್ಚು ಬೇಕಾದವು.

ಟೈಬೀರಿಯಸ್ ಸ್ವತಃ ಯಾರನ್ನೂ ಬೀದಿಯಲ್ಲಿ ಕಡಿದವನಲ್ಲ. ರಾಜ್ಯದ ಘನತೆಗೆ ಕುಂದು ತಂದವರನ್ನು ಶಿಕ್ಷಿಸುವ ಹಳೆಯ ಕಾನೂನೊಂದು ರೋಮ್‌ನಲ್ಲಿ ಇತ್ತು. ಅದು ಅರಸನ ವಿರುದ್ಧ ಆಡಿದ ಮಾತಿಗೂ ಅನ್ವಯಿಸತೊಡಗಿತು. ದೂರು ಕೊಟ್ಟವನಿಗೆ ಅಪರಾಧಿಯ ಆಸ್ತಿಯಲ್ಲಿ ನಾಲ್ಕನೆಯ ಒಂದು ಪಾಲು ದೊರೆಯುತ್ತಿತ್ತು. ಚಾಡಿ ಹೇಳುವುದು ಒಂದು ಉದ್ಯೋಗವಾಯಿತು, ವಾಗ್ಮಿಗಳು ಅದರಿಂದ ಸಿರಿವಂತರಾದರು. ಸೆನೆಟ್ ವಿಚಾರಣೆ ನಡೆಸಿತು, ಸೆನೆಟ್ ತೀರ್ಪು ಕೊಟ್ಟಿತು. 25ರಲ್ಲಿ ಕ್ರೆಮ್ಯೂಶಿಯಸ್ ಕಾರ್ಡಸ್ ಎಂಬ ಇತಿಹಾಸಕಾರನ ಮೇಲೆ ಬಂದ ಆರೋಪವನ್ನು ಸಾಹಿತ್ಯದ ವಿದ್ಯಾರ್ಥಿಗಳು ಮರೆಯಬಾರದು. ತನ್ನ ಗ್ರಂಥದಲ್ಲಿ ಜೂಲಿಯಸ್ ಸೀಸರನ ಹಂತಕ ಬ್ರೂಟಸನನ್ನು ಹೊಗಳಿದ್ದು, ಅವನ ಜೊತೆಗಾರ ಕೇಶಿಯಸನನ್ನು ಕೊನೆಯ ರೋಮನ್ ಎಂದು ಕರೆದದ್ದು: ಇದೇ ಅಪರಾಧ. ಆ ಇಬ್ಬರೂ ಸತ್ತು ಅರವತ್ತು ವರ್ಷಗಳಿಗೆ ಮೇಲಾಗಿತ್ತು. ಕಾರ್ಡಸ್ ಅನ್ನನೀರು ಬಿಟ್ಟು ಪ್ರಾಣ ನೀಗಿದ. ಗ್ರಂಥವನ್ನು ಸುಡಲು ಸೆನೆಟ್ ಆಜ್ಞೆ ಮಾಡಿತು. ಅವನ ಮಗಳು ಮಾರ್ಸಿಯ ಪ್ರತಿಗಳನ್ನು ಬಚ್ಚಿಟ್ಟು ಉಳಿಸಿದಳು. ಇಲ್ಲಿ ಅರಸನು ಮಾಡಿಸಿದ್ದೆಷ್ಟು, ಅರಸನಿಗೆ ಇಷ್ಟವಾದೀತೆಂದು ಊಹಿಸಿ ಇತರರು ಮಾಡಿದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ದಬ್ಬಾಳಿಕೆ ಬೇರೂರಿದೆಯೆಂಬುದಕ್ಕೆ ಈ ಅಸ್ಪಷ್ಟತೆಯೇ ಗುರುತು.

ನೀರೋನ ಪ್ರಸಂಗದಲ್ಲಿ ಇನ್ನೂ ದೊಡ್ಡ ವಿದ್ವಾಂಸನೊಬ್ಬ ಬರುತ್ತಾನೆ. ಸ್ಟೋಯಿಕ್ ದಾರ್ಶನಿಕ ಸೆನೆಕ ನೀರೋನ ಗುರು. ಶಿಷ್ಯನಿಗೆ ಹದಿನೆಂಟು ತುಂಬಿದ ಹೊತ್ತಿಗೆ, ಸುಮಾರು 55-56ರಲ್ಲಿ, ಸೆನೆಕ ಅವನಿಗಾಗಿಯೇ ಅರಸನ ದಯೆಯನ್ನು ಕುರಿತು ಒಂದು ಗ್ರಂಥ ಬರೆದ. ಮರಣದಂಡನೆಯ ಆಜ್ಞಾಪತ್ರಕ್ಕೆ ಸಹಿ ಹಾಕಬೇಕಾದಾಗ, ತನಗೆ ಅಕ್ಷರವೇ ಬಾರದಿದ್ದರೆ ಚೆನ್ನಾಗಿತ್ತೆಂದು ಎಳೆಯ ನೀರೋ ನೊಂದುಕೊಂಡದ್ದನ್ನು ಅದರಲ್ಲಿ ಮೆಚ್ಚಿ ಸ್ಮರಿಸಿದ್ದಾನೆ. ಆ ಗ್ರಂಥ ಸಿದ್ಧವಾಗುವ ಮೊದಲೇ, 55ರಲ್ಲಿ, ನೀರೋನ ಮಲಸೋದರ ಬ್ರಿಟಾನಿಕಸ್ ಔತಣದ ಪಂಕ್ತಿಯಲ್ಲಿ ಕುಸಿದು ಸತ್ತಿದ್ದ. ವಿಷವಿಕ್ಕಿಸಿದವನು ನೀರೋ ಎಂದು ಪ್ರಾಚೀನ ಇತಿಹಾಸಕಾರರು ಬರೆದಿದ್ದಾರೆ. ಗ್ರಂಥದಲ್ಲಿಯಾದರೋ, ಒಂದು ತೊಟ್ಟು ರಕ್ತವನ್ನೂ ಚೆಲ್ಲದ ಅರಸನೆಂದು ನೀರೋ ಹೊಗಳಿಸಿಕೊಳ್ಳುತ್ತಾನೆ. ಗುರುವಿಗೆ ಭಯವಿತ್ತೇ, ಹೊಗಳಿದರಾದರೂ ತಿದ್ದಿಕೊಂಡಾನೆಂಬ ಆಸೆಯಿತ್ತೇ? ಎರಡೂ ಇದ್ದಿರಬಹುದು.

59ರಲ್ಲಿ ನೀರೋ ತಾಯಿ ಅಗ್ರಿಪಿನಳನ್ನು ಕೊಲ್ಲಿಸಿದ. ಮೊದಲು ಕಡಲಲ್ಲಿ ತಾನಾಗಿ ಕುಸಿಯುವಂತೆ ಕಟ್ಟಿದ ಹಡಗು. ಅದರಿಂದ ಈಜಿ ಪಾರಾದ ಮೇಲೆ ನೌಕಾದಳದ ಅಧಿಕಾರಿ ಅನಿಸೀಟಸ್ ಮತ್ತು ಅವನ ಜನರ ಕತ್ತಿ. ಕೃತ ಅನಿಸೀಟಸನದು, ಕಾರಿತ ನೀರೋನದು. ಮುಂದಿನದು ಹೆಚ್ಚು ವಿಚಾರಣೀಯ. ತಾಯಿಯೇ ಮಗನ ಪ್ರಾಣಕ್ಕೆ ಹೊಂಚು ಹಾಕಿದ್ದಳೆಂದು ಸೆನೆಟ್‌ಗೆ ಒಂದು ಪತ್ರ ಹೋಯಿತು. ಅದನ್ನು ರಚಿಸಿದವನು ಸೆನೆಕ. ಸೆನೆಟ್ ದೇವಾಲಯಗಳಲ್ಲಿ ಕೃತಜ್ಞತಾ ಪೂಜೆಗಳನ್ನು ವಿಧಿಸಿತು. ಅಗ್ರಿಪಿನಳ ಜನ್ಮದಿನವನ್ನು ಅಶುಭದಿನಗಳಲ್ಲಿ ಸೇರಿಸಿತು. ಅಂದು ಥ್ರೇಸಿಯ ಪೀಟಸ್ ಎಂಬ ಒಬ್ಬ ಸದಸ್ಯ ಎದ್ದು ಸಭೆಯಿಂದ ಹೊರನಡೆದ. ಅವನು ಭಾಷಣ ಮಾಡಲಿಲ್ಲ, ಪ್ರತಿಭಟನೆಯ ಮಾತನ್ನು ಆಡಲಿಲ್ಲ. ಬಾಗಿಲು ದಾಟಿದ, ಅಷ್ಟೆ. ಏಳು ವರ್ಷಗಳ ಬಳಿಕ, 66ರಲ್ಲಿ, ಅವನ ಮೇಲೆ ಹೊರಿಸಿದ ಆರೋಪಗಳಲ್ಲಿ ಈ ಹೊರನಡೆಯೂ ಒಂದಾಯಿತು. ಸಭೆಯೇ ಅವನಿಗೆ ಮರಣವನ್ನು ವಿಧಿಸಿತು. ಅನುಮೋದನೆಯನ್ನು ಹಿಂತೆಗೆದುಕೊಳ್ಳುವುದು ರಾಜದ್ರೋಹವೆಂದು ಎಣಿಸಿದ ಆಳ್ವಿಕೆಗೆ ಅನುಮೋದನೆಯ ಬೆಲೆ ಎಷ್ಟೆಂಬುದು ಚೆನ್ನಾಗಿ ತಿಳಿದಿತ್ತು. ಸೆನೆಕ ಅದಕ್ಕೂ ಒಂದು ವರ್ಷ ಮುಂಚೆ, 65ರಲ್ಲಿ, ಶಿಷ್ಯನ ಆಜ್ಞೆಯಂತೆ ತನ್ನ ನರಗಳನ್ನು ಕತ್ತರಿಸಿಕೊಂಡು ಸತ್ತಿದ್ದ.

ಡೊಮಿಶಿಯನ್ 96ರಲ್ಲಿ ಕೊಲೆಯಾದಾಗ ಸೆನೆಟ್ ಸಂಭ್ರಮಿಸಿತು. ಏಣಿಗಳನ್ನು ತರಿಸಿ ಅವನ ಬಿಂಬಗಳನ್ನು ಕೆಳಕ್ಕೆ ಕೆಡವಿಸಿತು, ಶಾಸನಗಳಿಂದ ಹೆಸರನ್ನು ಕೆತ್ತಿ ತೆಗೆಯಲು ಆಜ್ಞೆ ಮಾಡಿತು. ಹದಿನೈದು ವರ್ಷ ಅವನ ಮುಂದೆ ಬಾಗಿದ ಸಭೆ ಇದೇ. ಟ್ಯಾಸಿಟಸ್ ಆ ಸಭೆಯ ಸದಸ್ಯ. ತನ್ನ ಉನ್ನತಿಗೆ ಡೊಮಿಶಿಯನ್ನನೂ ಕಾರಣನೆಂಬುದನ್ನು ಅವನು ಮುಚ್ಚಿಡುವುದಿಲ್ಲ. 98ರಲ್ಲಿ ಬರೆದ ತನ್ನ ಮಾವ ಅಗ್ರಿಕೋಲನ ಚರಿತ್ರೆಯ ಕೊನೆಯ ಭಾಗದಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಹೆಲ್ವಿಡಿಯಸನನ್ನು ಸೆರೆಮನೆಗೆ ಎಳೆದೊಯ್ದದ್ದು ನಮ್ಮ ಕೈಗಳೇ ಎಂಬ ಅರ್ಥದ ಮಾತು ಅಲ್ಲಿದೆ. ರೋಮನ್ ಇತಿಹಾಸಲೇಖನದಲ್ಲಿ ಇಂಥ ಮಾತು ವಿರಳ. ಅನುಮತವು ಕೃತವೇ ಆಗಿತ್ತೆಂದು ಒಪ್ಪಿಕೊಳ್ಳುವ ಲೇಖಕನು ದೇಶಕಾಲಗಳಿಂದ ದೂರವಿದ್ದರೂ ತತ್ತ್ವಾರ್ಥಸೂತ್ರದ ಓದುಗನಿಗೆ ಅಪರಿಚಿತನೆನಿಸುವುದಿಲ್ಲ.

ಕನ್ನಡ ಸಾಹಿತ್ಯದಲ್ಲಿ ಕ್ರೂರ ಅರಸನನ್ನು ಹತ್ತಿರದಿಂದ ನೋಡಿದವನು ಜನ್ನ. ಅವನ ಕಾವ್ಯಗಳು ಹೊಯ್ಸಳರ ದೋರಸಮುದ್ರದ ಆಶ್ರಯದಲ್ಲಿ ಬೆಳೆದವು. ಇಮ್ಮಡಿ ವೀರಬಲ್ಲಾಳನಿಂದ ಅವನು ಕವಿಚಕ್ರವರ್ತಿ ಎಂಬ ಬಿರುದು ಪಡೆದ. 1209ರ ಯಶೋಧರ ಚರಿತೆಯಲ್ಲಿ ಮಾರಿದತ್ತ, 1230ರ ಅನಂತನಾಥ ಪುರಾಣದಲ್ಲಿ ಚಂಡಶಾಸನ. ಎರಡನೆಯವನು ಗೆಳೆಯ ವಸುಷೇಣನ ಮಡದಿ ಸುನಂದೆಯನ್ನು ಅಪಹರಿಸಿ, ಗಂಡನ ಕಡಿದ ತಲೆಯೆಂದು ಕೃತಕ ಶಿರಸ್ಸನ್ನು ತೋರಿಸಿ, ಅವಳ ಸಾವಿಗೆ ಕಾರಣನಾಗಿ, ಅವಳ ಚಿತೆಯಲ್ಲಿ ತಾನೂ ಬೀಳುತ್ತಾನೆ. ವಿಮರ್ಶಕರು ಅವನಲ್ಲಿ ದುರಂತನಾಯಕನನ್ನು ಕಂಡಿದ್ದಾರೆ. ಪ್ರಸ್ತುತ ವಿಷಯಕ್ಕೆ ಮಾರಿದತ್ತನೇ ಮುಖ್ಯ.

ರಾಜಪುರದ ಅರಸ ಮಾರಿದತ್ತ ಚಂಡಮಾರಿಯ ಭಕ್ತ. ಮಾರಿಯ ಜಾತ್ರೆಗೆ ಪ್ರಾಣಿಗಳ ಬಲಿ ಸಿದ್ಧವಾಗಿದೆ. ನರಬಲಿಗಾಗಿ ತಳಾರ ಚಂಡಕರ್ಮನು ಭಿಕ್ಷೆಗೆ ಹೊರಟಿದ್ದ ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳನ್ನು ಹಿಡಿದು ತಂದಿದ್ದಾನೆ. ಇಲ್ಲಿಯವರೆಗೆ ಕಥೆ ಒಬ್ಬ ಕ್ಯಾಲಿಗುಲನದಾಗಬಹುದಿತ್ತು. ಜನ್ನ ಅದನ್ನು ತಿರುಗಿಸುವ ಬಗೆ ಬೇರೆ. ಮಕ್ಕಳು ಅರಸನನ್ನು ಬೈಯುವುದಿಲ್ಲ. ತಮ್ಮ ಹಿಂದಿನ ಭವಗಳನ್ನು ಹೇಳುತ್ತಾರೆ. ಯಶೋಧರನಾಗಿದ್ದಾಗ ಅಭಯರುಚಿ ಪ್ರಾಣಿಯನ್ನು ಕೊಲ್ಲಲೊಲ್ಲದ ಅರಸ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ. ಆ ಒಂದು ಏಟಿನ ಸಂಕಲ್ಪದಿಂದ ಮಗನೂ ತಾಯಿಯೂ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿಗಳಾಗಿ ಭವಭವಗಳಲ್ಲಿ ತೊಳಲಿದರು.

ಹಿಟ್ಟಿನ ಕೋಳಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂಬ ಪ್ರಶ್ನೆಯನ್ನು ತರಗತಿಗಳಲ್ಲಿ ವಿದ್ಯಾರ್ಥಿಗಳು ಕೇಳುವುದುಂಟು; ಪ್ರಶ್ನೆ ನ್ಯಾಯವಾದುದೇ. ಆದರೆ ಕಾವ್ಯದ ಬಂಧದಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕತ್ತಿಯೆತ್ತಿದ ಮಗನಿಗೆ ಒಂದು ಗತಿ, ಮಾಡೆಂದು ಪ್ರೇರಿಸಿದ ತಾಯಿಗೆ ಇನ್ನೊಂದು ಗತಿ ಎಂಬ ಭೇದವನ್ನು ಜನ್ನ ಮಾಡುವುದಿಲ್ಲ. ಇಬ್ಬರೂ ಜೊತೆಜೊತೆಯಾಗಿ ಹುಟ್ಟುತ್ತಾರೆ, ಜೊತೆಯಾಗಿ ಸಾಯುತ್ತಾರೆ; ಕೊನೆಗೆ ಅಣ್ಣತಂಗಿಯರಾಗಿ ಬಲಿಪೀಠದ ಮುಂದೆ ನಿಲ್ಲುತ್ತಾರೆ. ಕೃತಕಾರಿತಗಳ ಸೂತ್ರಕ್ಕೆ ಇದಕ್ಕಿಂತ ಸ್ಪಷ್ಟವಾದ ಕಥಾರೂಪ ಸಿಕ್ಕುವುದು ಕಷ್ಟ. ಮಾರಿದತ್ತ ಕತ್ತಿಯನ್ನು ಬಿಡುತ್ತಾನೆ. ರೋಮ್‌ನ ಚರಿತ್ರೆಯಲ್ಲಿ ಇಂಥ ಮನಃಪರಿವರ್ತನೆ ಇಲ್ಲವೆಂದು ಜನ್ನನ ಹಿರಿಮೆಯನ್ನು ಸಾಧಿಸಬೇಕಾಗಿಲ್ಲ. ಕಾವ್ಯಕ್ಕೆ ಇರುವ ಸ್ವಾತಂತ್ರ್ಯ ಚರಿತ್ರೆಗಿಲ್ಲ. ಯಶೋಧರನ ಕಥೆಯನ್ನು ಜನ್ನನಿಗಿಂತ ಎರಡೂವರೆ ಶತಮಾನ ಹಿಂದೆ, 959ರಲ್ಲಿ, ಸೋಮದೇವಸೂರಿ ಸಂಸ್ಕೃತದಲ್ಲಿ ಯಶಸ್ತಿಲಕವಾಗಿ ವಿಸ್ತರಿಸಿದ್ದ. ರಾಜನೀತಿಯ ನೀತಿವಾಕ್ಯಾಮೃತವನ್ನು ಬರೆದವನೂ ಅವನೇ. ಅರಸರಿಗೆ ಉಪದೇಶಿಸುವ ಕೆಲಸದಲ್ಲಿ ಸೆನೆಕನಿಗೆ ಇಲ್ಲದ ಒಂದು ಅನುಕೂಲ ಈ ಮುನಿಗೆ ಇತ್ತು: ಅರಸನಿಂದ ಅವನು ಪಡೆಯಬೇಕಾದದ್ದು ಏನೂ ಇರಲಿಲ್ಲ.

ಕಾವ್ಯದಿಂದ ಚರಿತ್ರೆಗೆ ಬಂದರೆ, ದೋರಸಮುದ್ರದ ಪಡುವಣ ಮಲೆಯಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಎರಡು ಅರಸುಮನೆಗಳು ನೆರೆಹೊರೆಯಾಗಿದ್ದವು: ಕೊಡಗಿನ ಹಾಲೇರಿ ವಂಶ, ಅದರ ಬಡಗಣದಲ್ಲಿ ಬಲಂ ಸೀಮೆಯ ನಾಯಕರು. ಇವುಗಳಲ್ಲಿ ಮೊದಲನೆಯದಕ್ಕೆ ಕ್ರೌರ್ಯದ ಅಪಖ್ಯಾತಿ ಅಂಟಿದೆ. ಅದು ಆಧಾರವಿಲ್ಲದ್ದಲ್ಲ. ದೊಡ್ಡ ವೀರರಾಜೇಂದ್ರ 1788ರಲ್ಲಿ ಪಿರಿಯಾಪಟ್ಟಣದಲ್ಲಿದ್ದ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ನಾಡನ್ನು ಮರಳಿ ಕಟ್ಟಿದ ವೀರ. ರಾಣಿ ಮಹದೇವಮ್ಮಾಜಿ 1807ರಲ್ಲಿ ತೀರಿದ ಬಳಿಕ ಅವನ ಚಿತ್ತ ಕದಡಿತು; ಸಂಶಯ ಬಂದವರನ್ನೆಲ್ಲ ಕೊಲ್ಲಿಸುತ್ತ ಹೋದ. ಅದೇ ಕಾಲದಲ್ಲಿ ತನ್ನ ವಂಶದ ಚರಿತ್ರೆಯನ್ನು ರಾಜೇಂದ್ರನಾಮೆ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಬರೆಯಿಸಿದ. 1808ರಲ್ಲಿಯೇ ಅದು ಇಂಗ್ಲಿಷಿಗೂ ಅನುವಾದವಾಯಿತು. ಈಸ್ಟ್ ಇಂಡಿಯಾ ಕಂಪನಿಗೆ ಅವನು ಟಿಪ್ಪುವಿನ ವಿರುದ್ಧ ನೆರವಾದ ನಿಷ್ಠ ಮಿತ್ರ. 1809ರಲ್ಲಿ ಸಾಯುವವರೆಗೂ ಅವನು ಪಟ್ಟದಲ್ಲಿಯೇ ಇದ್ದ.

ಅವನ ತಮ್ಮನ ಮಗ ಚಿಕ್ಕ ವೀರರಾಜೇಂದ್ರ 1820ರಲ್ಲಿ ಪಟ್ಟಕ್ಕೆ ಬಂದ. ಇವನೂ ದಾಯಾದಿಗಳನ್ನು ಕೊಲ್ಲಿಸಿದ. ಕುಂಟ ಬಸವನಂಥ ಆಪ್ತರು ಅವನ ಕೈಗಳಾದರು. ಸೋದರಿ ದೇವಮ್ಮಾಜಿಯೂ ಅವಳ ಗಂಡ ಚೆನ್ನಬಸವಪ್ಪನೂ ಓಡಿಹೋಗಿ ಮೈಸೂರಿನಲ್ಲಿ ಬ್ರಿಟಿಷರ ಆಶ್ರಯ ಪಡೆದರು. 1834ರಲ್ಲಿ ಕಂಪನಿ ಯುದ್ಧ ಸಾರಿ ಹೊರಡಿಸಿದ ಘೋಷಣೆಯಲ್ಲಿ ಪ್ರಜೆಗಳ ಮೇಲೆ ಅರಸ ನಡೆಸಿದ ಕ್ರೌರ್ಯವೇ ಎದ್ದು ಕಾಣುವ ಕಾರಣ. ಗೆದ್ದ ಮೇಲೆ ಕೊಡಗನ್ನು ಸೇರಿಸಿಕೊಂಡದ್ದು ಪ್ರಜೆಗಳ ಒಕ್ಕೊರಲ ಇಷ್ಟದಂತೆ ಎಂದು ಇನ್ನೊಂದು ಘೋಷಣೆ ಹೇಳಿತು. ಪ್ರಜೆಗಳ ಅನುಮತವನ್ನೂ ಗೆದ್ದವರೇ ಬರೆದುಕೊಂಡರು. 1837ರಲ್ಲಿ ಅಮರಸುಳ್ಯದ ರೈತರು ಹಾಲೇರಿ ವಂಶದ ಹೆಸರಿನಲ್ಲಿ ದಂಗೆಯೆದ್ದು ಮಂಗಳೂರನ್ನು ಕೆಲವು ದಿನ ಕೈವಶ ಮಾಡಿಕೊಂಡದ್ದನ್ನು ಆ ಒಕ್ಕೊರಲಿನ ಪಕ್ಕದಲ್ಲಿಟ್ಟು ನೋಡಬೇಕು. ಕಾಕನೂ ಮಗನೂ ಮಾಡಿಸಿದ ಕೊಲೆಗಳಲ್ಲಿ ಸ್ವರೂಪಭೇದ ಹೆಚ್ಚಿಲ್ಲ. 1808ರಲ್ಲಿ ಅದು ಮಿತ್ರನ ಮನೆಯ ದುಃಖ, 1834ರಲ್ಲಿ ರಾಜ್ಯವನ್ನು ಕಸಿಯಲು ಸಮರ್ಥನೆ. ಕ್ರೌರ್ಯ ಸುಳ್ಳಲ್ಲ, ಅದನ್ನು ಕ್ರೌರ್ಯವೆಂದು ಕರೆಯಲು ಆರಿಸಿಕೊಂಡ ಮುಹೂರ್ತ ಮಾತ್ರ ಲೆಕ್ಕಾಚಾರದ್ದು. ಮಾಸ್ತಿಯವರ ಚಿಕವೀರ ರಾಜೇಂದ್ರ ಕಾದಂಬರಿಯ ಬೆಲೆ ಇರುವುದು ಇಲ್ಲಿ. ಅರಸನ ಪಾಪವನ್ನು ಅವರು ತೊಳೆಯಲಿಲ್ಲ. ಬಸವನನ್ನು, ಮಂತ್ರಿಗಳನ್ನು, ಕಾದು ಕುಳಿತ ಬಿಳಿಯರನ್ನು ಅದೇ ಚಿತ್ರದೊಳಗೆ ತಂದು ನಿಲ್ಲಿಸಿದರು.

ಇನ್ನು ಬಲಂ. ಇಂದು ಬೆಳಗೋಡು, ಐಗೂರು, ಹೆತ್ತೂರು, ಯಸಳೂರುಗಳೆಂದು ಕರೆಯುವ ಗದ್ದೆ, ಕಾಫಿತೋಟ, ಕಾಡುಗಳ ನಾಡೆಲ್ಲ ಒಂದು ಕಾಲಕ್ಕೆ ಬೇಲೂರಿನಿಂದಲೂ ಬಳಿಕ ಐಗೂರಿನಿಂದಲೂ ಆಳಿದ ಈ ನಾಯಕರ ಸೀಮೆ. ಜೈನ ಚರಿತ್ರೆಯಲ್ಲಿ ಈ ಮನೆತನದ ಆಳ್ವಿಕೆಗೆ ಒಂದು ಗೌರವದ ಸ್ಥಾನವಿದೆ. ಹಳೇಬೀಡಿನ ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬ ವೀರಶೈವನು ಲಿಂಗಮುದ್ರೆ ಒತ್ತಿದ. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದ. ರಕ್ತಪಾತಕ್ಕೆ ಸಾಕಾದ ಕಾರಣ. 1638ರ ಶಾಸನ ಹೇಳುವಂತೆ, ಬೇಲೂರಿನ ವೆಂಕಟಾದ್ರಿ ನಾಯಕನ ಕಾಲದಲ್ಲಿ ಎರಡೂ ಕಡೆಯ ಹಿರಿಯರು ಕೂಡಿ ಅದನ್ನು ಬಗೆಹರಿಸಿದರು. ಮೊದಲು ವಿಭೂತಿ ವೀಳ್ಯಗಳ ಮರ್ಯಾದೆ, ಆಮೇಲೆ ಜಿನಪೂಜೆ ಯಥಾಪ್ರಕಾರ. ಈ ಏರ್ಪಾಡಿನಲ್ಲಿ ಸಮಬಲರ ಒಪ್ಪಂದವನ್ನು ಕಾಣುವುದು ಕಷ್ಟ, ಜೈನರು ಬಾಗಬೇಕಾಯಿತು. ಆದರೂ ಬಸದಿಯ ಪೂಜೆಗೆ ಅಡ್ಡಿ ಮಾಡಿದವನು ಶಿವದ್ರೋಹಿ ಎಂದು ಸ್ವತಃ ವೀರಶೈವ ಮಹಾಮಹತ್ತಿನವರೇ ಕಲ್ಲಿನಲ್ಲಿ ಬರೆಸಿದರು. ಮುಂದೆ ಹಿಂಸೆ ನಡೆದರೆ ಒಪ್ಪಿಗೆ ಇಲ್ಲವೆಂದು ಮೊದಲೇ ಸಾರಿದ ಬರೆಹ ಅದು.

ಒಂದೂವರೆ ಶತಮಾನದ ಬಳಿಕ ಈ ಸೀಮೆ ದೊಡ್ಡ ಬಲಗಳ ನಡುವೆ ಸಿಕ್ಕಿಕೊಂಡಿತು. ಟಿಪ್ಪುವಿನ ಮೇಲೆ ಕಾರ್ನ್‌ವಾಲಿಸ್ ದಂಡೆತ್ತಿ ಬಂದಾಗ ಕೃಷ್ಣಪ್ಪ ನಾಯಕ ಪರಶುರಾಮ ಭಾವುವಿನ ಮರಾಠಾ ಸೇನೆಯನ್ನು ಸೇರಿದ. 1792ರ ಸಂಧಿಯಾದ ಮೇಲೆ ಟಿಪ್ಪುವಿಗೆ ಹೆದರಿ ಕೊಡಗಿಗೆ ಓಡಿದ. ಟಿಪ್ಪು ಅವನನ್ನು ಮರಳಿ ಕರೆಸಿ 5,000 ವರಹ ಹುಟ್ಟುವಳಿಯ ಐಗೂರು ಸೀಮೆಯನ್ನು ಮಾತ್ರ ಕೊಟ್ಟು, ಉಳಿದುದನ್ನು ತಾನಿಟ್ಟುಕೊಂಡ. ಘಟ್ಟದ ದಾರಿಯನ್ನು ಕಾಯಲು ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ ಎದ್ದಿತು. ಮುಸುಕಿದ ಮಂಜನ್ನು ಕಂಡು ಮಂಜರಾಬಾದ್ ಎಂಬ ಹೆಸರಿಟ್ಟನೆಂದು ಪ್ರತೀತಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಪಾಳೆಯಪಟ್ಟು ಕೃಷ್ಣಪ್ಪನ ಮಗ ವೆಂಕಟಾದ್ರಿ ನಾಯಕನದಾಗಿತ್ತು. ಎಲ್ಲ ಕಡೆ ಹೊಸ ಒಡೆತನವನ್ನು ಒಪ್ಪುತ್ತಿದ್ದ ಹೊತ್ತಿನಲ್ಲಿ ಅವನು ಒಪ್ಪಲಿಲ್ಲ. ಕಾಡಿನ ನಡುವಿನ ಅರಕೆರೆಯ ನೆಲೆಯಿಂದ ಬಿಸಿಲೆ ಘಟ್ಟದ ದಾರಿಗೆ ಅವನು ತಡೆಯಾದ; ಶ್ರೀರಂಗಪಟ್ಟಣದಿಂದ ಕರಾವಳಿಗೆ ಇಳಿಯುವ ದಾರಿ ಕಂಪನಿಗೆ ಬೇಕೇಬೇಕಾಗಿತ್ತು. 1800ರಲ್ಲಿ ಮೊದಲ ದಾಳಿ ಸೋತಿತು. ಏಪ್ರಿಲ್ ಕೊನೆಗೆ ಕರ್ನಲ್ ಮಾಂಟ್ರೆಸರ್ ಅರಕೆರೆಯನ್ನು ಹಿಡಿದ. ಧೋಂಡಿಯ ವಾಘನನ್ನು ಬೆನ್ನಟ್ಟಲು ಸೇನೆ ಬಡಗಣಕ್ಕೆ ಹೋದೊಡನೆ ನಾಯಕ ತನ್ನ ಕಾಡಿಗೆ ಮರಳಿದ. 1802ರ ಜನವರಿ 16ರಂದು ಆರ್ಥರ್ ವೆಲ್ಲೆಸ್ಲಿ ತಾನೇ ಮುಂದಾಗಿ ಅರಕೆರೆಯನ್ನು ಗೆದ್ದ. ಮೈಸೂರಿನ ದಿವಾನ್ ಪೂರ್ಣಯ್ಯ ಅವನೊಂದಿಗಿದ್ದ. ಕಾಡಿನಲ್ಲಿ ದಾರಿಗಳನ್ನು ಕಡಿಸಿದರು, ಹಳ್ಳಿಗಳ ಸುತ್ತಣ ಬೇಲಿ, ಅಗಳುಗಳನ್ನು ಕೆಡವಿಸಿದರು, ಆಯುಧಗಳನ್ನು ಕಿತ್ತುಕೊಂಡರು. ಫೆಬ್ರವರಿಯಲ್ಲಿ ನಾಯಕ ಸೆರೆಸಿಕ್ಕಿದ. ಉಚ್ಚಂಗಿಯಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು; ಅವನ ಕೆಲವರು ಅನುಚರರಿಗೂ ಅದೇ ಗತಿಯಾಯಿತು.

ವೆಲ್ಲೆಸ್ಲಿಯನ್ನು ನೀರೋನ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಯುದ್ಧದಲ್ಲಿ ಸತ್ತ ಧೋಂಡಿಯನ ಎಳೆಯ ಮಗನನ್ನು ತನ್ನ ಆಶ್ರಯದಲ್ಲಿಟ್ಟು ಅವನ ಪೋಷಣೆಗೆ ಹಣ ಬಿಟ್ಟುಹೋದವನು ಅವನೇ. ಪೂರ್ಣಯ್ಯ ಕೆರೆ, ಕಾಲುವೆ, ಸೇತುವೆಗಳಿಂದ ನೆನಪಾಗುವ ಸಮರ್ಥ ಆಡಳಿತಗಾರ. ಗಲ್ಲು ಯಾವ ಪ್ರಭುತ್ವದ ಹೆಸರಿನಲ್ಲಿ ನಡೆಯಿತೋ ಆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಎಂಟು ತುಂಬಿರಲಿಲ್ಲ. ಇಲ್ಲಿ ಹುಚ್ಚನಿಲ್ಲ, ರಕ್ತಪಿಪಾಸುವಿಲ್ಲ. ಅದರಿಂದಲೇ ಸೂತ್ರದ ತ್ರಿಕವನ್ನು ಈ ಪ್ರಸಂಗಕ್ಕೆ ಹಚ್ಚುವುದು ಕಷ್ಟವೂ ಅಗತ್ಯವೂ ಆಗುತ್ತದೆ. ಹಗ್ಗ ಎಳೆದವನ ಹೆಸರು ಯಾವ ಪುಸ್ತಕದಲ್ಲಿಯೂ ಬರುವುದಿಲ್ಲ. ಆಜ್ಞೆಯ ಒಡೆತನ ಸೇನಾಪತಿ, ದಿವಾನ್, ಬಾಲಕ ಅರಸ, ಕಲ್ಕತ್ತೆಯ ಸರ್ಕಾರ ಇವರ ನಡುವೆ ಹಂಚಿಹೋಗಿ ಯಾರ ಕೈಯಲ್ಲಿಯೂ ನಿಲ್ಲುವುದಿಲ್ಲ. ಟೈಬೀರಿಯಸನ ಸಭೆಯಲ್ಲಿ ನೆಪಕ್ಕಾದರೂ ವಿಚಾರಣೆ ಇತ್ತು, ಆರೋಪಿಗೆ ಮಾತಾಡಲು ಅವಕಾಶವಿತ್ತು. ಕಾರ್ಡಸನ ಮಾತು ಟ್ಯಾಸಿಟಸನ ಗ್ರಂಥದಲ್ಲಿ ಎರಡು ಪುಟ ಉಳಿದಿದೆ. ವೆಂಕಟಾದ್ರಿ ನಾಯಕನ ಬಾಯಿಂದ ಬಂದ ಒಂದು ಮಾತೂ ಚರಿತ್ರೆಯ ಗ್ರಂಥಗಳಲ್ಲಿ ಕಾಣುವುದಿಲ್ಲ. ಕಂಪನಿಯ ಬರೆಹಗಳಿಗೆ ಅವನು ದಾರಿಗೆ ಅಡ್ಡವಿದ್ದ ಬಂಡುಕೋರ, ಸೇನಾಪತಿಯ ಕಾಗದಗಳಲ್ಲಿ ಬುಲ್ಲಂ ರಾಜ.

ಬಿ.ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ಈ ಮನೆತನದ ಕೊನೆಯನ್ನು ದಾಖಲಿಸಿದಾಗ ಅದಕ್ಕೆ ಒಂದೆರಡು ವಾಕ್ಯಗಳು ಸಾಕಾದವು. ನಾಯಕ ಸ್ವತಂತ್ರನಾಗಲು ಯತ್ನಿಸಿದ, ಹಿಡಿಯಲ್ಪಟ್ಟ, ಉಚ್ಚಂಗಿಯಲ್ಲಿ ಗಲ್ಲಿಗೇರಿಸಲ್ಪಟ್ಟ ಎಂಬ ಧಾಟಿಯ ಕರ್ಮಣಿ ಪ್ರಯೋಗ ಅದು. ಕನ್ನಡದ ಸ್ಥಳೀಯ ಚರಿತ್ರೆಗಳೂ ಬಹುಮಟ್ಟಿಗೆ ಅದನ್ನೇ ಹಾಗೆಯೇ ಕನ್ನಡಿಸಿಕೊಂಡು ಬಂದಿವೆ. ವ್ಯಾಕರಣದ ಪ್ರಕಾರ ಆ ವಾಕ್ಯಕ್ಕೆ ತೃತೀಯಾ ವಿಭಕ್ತಿಯಲ್ಲಿ ಒಬ್ಬ ಕರ್ತೃ ಬರಬೇಕು. ಇಂಥವನಿಂದ ಎಂಬ ಆ ಪದದ ಜಾಗ ರೈಸ್‌ನ ಪುಟದಲ್ಲಿ ಖಾಲಿಯಾಗಿಯೇ ಇದೆ.